ಊರು ಬಿಟ್ಟರೋ, ಬಿಡಿಸಿದರೋ?

(ಇತಿಹಾಸ ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ದ್ವಿತೀಯ ಪಿಯುಸಿ ತರಗತಿಯಲ್ಲಿ ಬೋರ್ಡಿನ ಮೇಲೆ ‘ಜನಾಂಗೀಯ ಶುದ್ಧೀಕರಣ’ ಅಂತ ಬರೆದು ಮಕ್ಕಳ ಕಡೆ ತಿರುಗಿದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, “ಮೇಡಂ, ಶುದ್ಧೀಕರಣ ಅಂದ್ರೆ ಒಳ್ಳೇದಲ್ವಾ?” ಅಂದಳು. ಕುಚೋದ್ಯಕ್ಕೆ ಕೇಳಿದ್ದಲ್ಲ. ಅವಳ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಶೆಡ್ಡಿನ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಅಂತ ಬೋರ್ಡಿದೆ. ಮನೆಯಲ್ಲಿ ಸೂತಕ ಕಳೆದರೆ ಪುಣ್ಯಾಹ ಮಾಡಿಸಿ ಶುದ್ಧಿ ಮಾಡಿಕೊಳ್ಳುತ್ತಾರೆ. ಅವಳು ಕೇಳಿ ಬೆಳೆದ ಕನ್ನಡದಲ್ಲಿ ಶುದ್ಧಿಗೆ ಕೆಟ್ಟ ಅರ್ಥವೇ ಇಲ್ಲ.

ನಾನು “ಪೇಪರಿನಲ್ಲಿ ಹಾಗೆ ಬರೀತಾರೆ ಕಣಮ್ಮ” ಅಂತ ಹೇಳಿ ಪಾಠ ಮುಂದುವರಿಸಿದೆ. ಬೆಲ್ ಹೊಡೆದ ಮೇಲೂ ಆ ಪ್ರಶ್ನೆ ಜೊತೆಗೇ ಬಂತು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು, ತಪ್ಪಿದ್ದು ಪದದಲ್ಲಿ. ಆ ಪದ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ ನನ್ನ ಪಾಠವನ್ನೇ ಬದಲಾಯಿಸಿಕೊಂಡೆ. ಹೇಗೆ ಬದಲಾಯಿಸಿಕೊಂಡೆ ಅನ್ನುವುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಒಂದು ಸಮುದಾಯವನ್ನು ಬೆದರಿಸಿ, ಬಡಿದು ಅದರ ನೆಲದಿಂದಲೇ ಓಡಿಸುವುದಕ್ಕೆ ಬಳಸುವ ಈ ಪದ ಬಂದದ್ದು ಬಾಲ್ಕನ್ ಪ್ರದೇಶದಿಂದ, ಯುಗೊಸ್ಲಾವಿಯ ಒಡೆಯುತ್ತಿದ್ದ ಹೊತ್ತಿನಲ್ಲಿ. ಅಲ್ಲಿನ ಭಾಷೆಯಲ್ಲಿ ‘ಎತ್ನಿಚ್ಕೊ ಚಿಶ್ಚೇನ್ಯೆ’. ಚಿಶ್ಚೇನ್ಯೆ ಅಂದರೆ ಗುಡಿಸಿ ಒರೆಸಿ ಚೊಕ್ಕಟ ಮಾಡುವುದು. ಸೈನಿಕರ ಮಾತಿನಲ್ಲಿ ಅದಕ್ಕೆ ಮೊದಲೇ ಒಂದು ಬಳಕೆ ಇತ್ತು: ಗೆದ್ದ ಜಾಗದಲ್ಲಿ ಅವಿತು ಉಳಿದ ಶತ್ರುಗಳನ್ನು ಹುಡುಕಿ ತೆಗೆಯುವುದಕ್ಕೆ ‘ನೆಲ ಚೊಕ್ಕಟ ಮಾಡುವುದು’ ಅನ್ನುತ್ತಿದ್ದರು. 1992ರಲ್ಲಿ ಬೋಸ್ನಿಯದ ಯುದ್ಧ ಶುರುವಾದಾಗ ಈ ಮಾತು ಪತ್ರಕರ್ತರ ವರದಿಗಳ ಮೂಲಕ ಲೋಕದ ಎಲ್ಲ ಭಾಷೆಗಳಿಗೂ ಹರಡಿತು. ನಮ್ಮ ಪತ್ರಿಕೆಗಳೂ ಅದನ್ನು ಇದ್ದಂತೆ ಕನ್ನಡಕ್ಕೆ ಇಳಿಸಿಕೊಂಡವು. ಇದು ಊರು ಕಳೆದುಕೊಂಡವರು ಇಟ್ಟ ಹೆಸರಲ್ಲ, ಗುಡಿಸಿದವರ ಕಡೆಯಿಂದ ನೋಡುವ ಹೆಸರು. ಗುಡಿಸುವುದು ಅಂದ ಮೇಲೆ ಕಸ ಅಂತ ಒಂದು ಇರಲೇಬೇಕು. ಇಲ್ಲಿ ಕಸ ಯಾರು ಅಂತ ಮಕ್ಕಳನ್ನು ಕೇಳಿದರೆ ತರಗತಿ ಒಂದು ಕ್ಷಣ ತಣ್ಣಗಾಗುತ್ತದೆ.

ನಮ್ಮ ಕನ್ನಡದ ಬೇರೆ ಪದಗಳನ್ನೂ ಒಂದಿಷ್ಟು ನೋಡಿ. ‘ನರಮೇಧ’ದಲ್ಲಿರುವ ಮೇಧ ಅಶ್ವಮೇಧದ್ದೇ ಮೇಧ, ಅಂದರೆ ಯಜ್ಞ. ‘ಮಾರಣಹೋಮ’ದಲ್ಲಿ ಹೋಮವೇ ಇದೆ. ಸಾವಿರಾರು ಜನರನ್ನು ಕೊಂದದ್ದನ್ನು ಹೇಳುವಾಗ ನಮ್ಮ ನಾಲಿಗೆ ಯಾಕೋ ಅಗ್ನಿಕುಂಡದ ಕಡೆಗೇ ಹೋಗುತ್ತದೆ. ಕೊಂದವನು ಯಜಮಾನ, ಸತ್ತವರು ಆಹುತಿ. ಈ ಪದಗಳನ್ನು ಬಳಸಲೇಬೇಡಿ ಅಂತ ಹೇಳುತ್ತಿಲ್ಲ, ನೂರಾರು ವರ್ಷ ಉರುಳಿ ಸವೆದ ಪದಗಳು ಅವು. ಆದರೆ ತರಗತಿಯಲ್ಲಿ ನಾನು ‘ಜನಾಂಗ ಹತ್ಯೆ’ ಅನ್ನುತ್ತೇನೆ. ಇನ್ನೊಂದಕ್ಕೆ, ಪರೀಕ್ಷೆಗೆ ಬೇಕಾಗುತ್ತದೆಂದು ‘ಜನಾಂಗೀಯ ಶುದ್ಧೀಕರಣ’ವನ್ನು ಬೋರ್ಡಿನ ಮೇಲೆ ಉದ್ಧರಣ ಚಿಹ್ನೆಯೊಳಗೆ ಬರೆದು, ಬಾಯಲ್ಲಿ ‘ಊರು ಬಿಡಿಸೋದು’ ಅನ್ನುತ್ತೇನೆ. ಆ ಮಾತು ಮಕ್ಕಳಿಗೆ ಕೂಡಲೇ ತಾಗುತ್ತದೆ. ಅದರಲ್ಲಿ ಇನ್ನೂ ಒಂದು ಅನುಕೂಲವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಜನಾಂಗ ಹತ್ಯೆ, ಅಂದರೆ ಇಂಗ್ಲಿಷಿನ ‘ಜೆನೊಸೈಡ್’ ಅನ್ನುವ ಪದಕ್ಕೆ ಬೇರೆಯದೇ ಹುಟ್ಟು. ಅದನ್ನು ಮಾಡಿದವನು ರಫಾಯೆಲ್ ಲೆಮ್ಕಿನ್, ಪೋಲೆಂಡಿನ ಯಹೂದಿ ವಕೀಲ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವನು, ತನ್ನ ಬಂಧುಬಳಗದ 49 ಜನರನ್ನು ಕಳೆದುಕೊಂಡವನು. ಗ್ರೀಕಿನ ‘ಗೆನೋಸ್’ ಅಂದರೆ ಕುಲ, ಲ್ಯಾಟಿನ್ನಿನಿಂದ ಬಂದ ‘ಸೈಡ್’ ಅಂದರೆ ಕೊಲ್ಲುವುದು. ಎರಡನ್ನೂ ಸೇರಿಸಿ 1944ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಪದವನ್ನು ಮೊದಲು ಬಳಸಿದ. ಒಬ್ಬ ಮನುಷ್ಯನನ್ನು ಕೊಂದರೆ ಅದಕ್ಕೊಂದು ಹೆಸರಿದೆ, ಶಿಕ್ಷೆಯಿದೆ. ಒಂದು ಕುಲವನ್ನೇ ಕೊಂದರೆ ಹೆಸರೂ ಇಲ್ಲ, ಶಿಕ್ಷೆಯೂ ಇಲ್ಲ ಅನ್ನುವುದು ಅವನನ್ನು ಯೌವನದಿಂದಲೇ ಕಾಡಿದ ಪ್ರಶ್ನೆ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಜನಾಂಗ ಹತ್ಯೆ ತಡೆ ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದನ್ನು 1959ರಲ್ಲಿ ಅನುಮೋದಿಸಿತು. ಹೀಗೆ, ಒಂದು ಪದ ನೊಂದವನ ಕಡೆಯಿಂದ ಬಂದು ಕಾನೂನಾಯಿತು. ಇನ್ನೊಂದು ನೋಯಿಸಿದವರ ಕಡೆಯಿಂದ ಬಂದು ಪತ್ರಿಕೆಯ ತಲೆಬರಹವಾಯಿತು. ಇಂದಿಗೂ ‘ಜನಾಂಗೀಯ ಶುದ್ಧೀಕರಣ’ ಅನ್ನುವ ಹೆಸರಿನ ಪ್ರತ್ಯೇಕ ಅಪರಾಧ ಅಂತಾರಾಷ್ಟ್ರೀಯ ಕಾನೂನಿನಲ್ಲಿಲ್ಲ. ಅದರೊಳಗೆ ನಡೆಯುವ ಗಡಿಪಾರು, ಕಿರುಕುಳ, ಕೊಲೆ, ಅತ್ಯಾಚಾರಗಳನ್ನು ಮಾನವೀಯತೆಯ ವಿರುದ್ಧದ ಅಪರಾಧ ಅಥವಾ ಯುದ್ಧಾಪರಾಧ ಅಂತ ವಿಚಾರಣೆ ಮಾಡುತ್ತಾರೆ.

ಇಷ್ಟನ್ನು ನೋಟ್ಸ್ ಕೊಟ್ಟು ಬರೆಸಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆದ್ದರಿಂದ ನಾನು ಒಂದು ಊರನ್ನು ಹಿಡಿದುಕೊಳ್ಳುತ್ತೇನೆ. ದೇಶವನ್ನಲ್ಲ, ಊರನ್ನು.

ಆ ಊರು ಪ್ರಿಯೆಡೋರ್, ಬೋಸ್ನಿಯದ ವಾಯವ್ಯ ಭಾಗದಲ್ಲಿದೆ. 1991ರ ಜನಗಣತಿಯ ಪ್ರಕಾರ ಆ ಪುರಸಭಾ ವ್ಯಾಪ್ತಿಯಲ್ಲಿ 1,12,000ಕ್ಕೂ ಹೆಚ್ಚು ಜನರಿದ್ದರು. ಮುಸ್ಲಿಮರು ಶೇಕಡಾ 44ರ ಹತ್ತಿರ, ಸೆರ್ಬರು ಶೇಕಡಾ 42ರ ಹತ್ತಿರ, ಉಳಿದವರು ಕ್ರೊವಾಟರು ಮತ್ತು ಇತರರು. ಇವರೆಲ್ಲ ಆಡುವ ಮಾತು ಒಂದೇ, ಮುಖಚಹರೆಯಲ್ಲಿ ವ್ಯತ್ಯಾಸವಿಲ್ಲ. ಸೆರ್ಬರು ಆರ್ಥಡಾಕ್ಸ್ ಕ್ರೈಸ್ತರು, ಕ್ರೊವಾಟರು ಕ್ಯಾಥೊಲಿಕರು, ಬೋಸ್ನಿಯಾಕರು ಮುಸ್ಲಿಮರು. ಪಕ್ಕದ ಮನೆಯವರಿಗೆ ಅಲ್ಲಿ ‘ಕೋಮ್ಶಿಯಾ’ ಅನ್ನುತ್ತಾರೆ. ತುರ್ಕರ ಕಾಲದಿಂದ ಉಳಿದ ಪದ, ಮೂರೂ ಸಮುದಾಯದವರ ಬಾಯಲ್ಲಿ ಅದೇ.

1992ರ ಏಪ್ರಿಲ್ 30ರ ಬೆಳಗಿನ ಜಾವ ಸೆರ್ಬ್ ಪಕ್ಷದ ಕಡೆಯ ಪೊಲೀಸರೂ ಸೈನಿಕರೂ ಪುರಸಭೆ, ಪೊಲೀಸ್ ಠಾಣೆ, ಅಂಚೆ ಕಚೇರಿ, ಬ್ಯಾಂಕು, ರೇಡಿಯೊ ಕೇಂದ್ರಗಳನ್ನು ವಶಪಡಿಸಿಕೊಂಡರು. ಚುನಾಯಿತ ಅಧ್ಯಕ್ಷ ಮುಹಮದ್ ಚೆಹಾಯಿಚ್ ಅವರ ಜಾಗಕ್ಕೆ ಮಿಲೊಮಿರ್ ಸ್ಟಾಕಿಚ್ ಬಂದು ಕೂತ. ಸ್ಟಾಕಿಚ್ ಓದಿನಲ್ಲಿ ವೈದ್ಯ. ಚೆಹಾಯಿಚ್ ಮುಂದೆ ಓಮಾರ್ಸ್ಕಾ ಶಿಬಿರದಲ್ಲಿ ಬಂದಿಯಾಗಿ ಅಲ್ಲಿಂದಲೇ ಕಣ್ಮರೆಯಾದರು. ಆಮೇಲೆ ಒಂದೊಂದೇ ಹೆಜ್ಜೆ. ಸೆರ್ಬರಲ್ಲದವರನ್ನು ಕೆಲಸದಿಂದ ತೆಗೆದರು. ಓಡಾಟಕ್ಕೆ ನಿರ್ಬಂಧ ಬಂತು. ರೇಡಿಯೊದಲ್ಲಿ ನಿನ್ನೆಯವರೆಗೆ ಡಾಕ್ಟರು, ಮೇಷ್ಟ್ರು ಆಗಿದ್ದವರನ್ನು ಹೆಸರು ಹಿಡಿದು ಉಗ್ರರು ಅನ್ನತೊಡಗಿದರು. ಮೇ ತಿಂಗಳ ಕೊನೆಯಲ್ಲಿ ಹಂಬರಿನೆ, ಕೋಜರಾಟ್ಸ್ ಅನ್ನುವ ಊರುಗಳ ಮೇಲೆ ಫಿರಂಗಿ ದಾಳಿ ನಡೆಯಿತು. ಮೇ 31ರಂದು, ಸೆರ್ಬರಲ್ಲದವರು ಮನೆಯ ಮುಂದೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳಬೇಕು ಅನ್ನುವ ಆಜ್ಞೆ ಬಂತು.

ಈ ಜಾಗಕ್ಕೆ ಬಂದಾಗ ನಾನು ಮಾತು ನಿಲ್ಲಿಸಿ ಬ್ಯಾಗಿನಿಂದ ಒಂದು ಬಿಳಿ ದಿಂಬಿನ ಕವರ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಮನೆಯದ್ದೇ, ಒಗೆದು ಮಡಚಿದ್ದು. “ನಿಮ್ಮ ಮನೆಯಲ್ಲಿ ಇವತ್ತು ಸಂಜೆ ಇದನ್ನು ಕಿಟಕಿಗೆ ಕಟ್ಟು ಅಂದರೆ ಯಾರು ಕಟ್ಟುತ್ತಾರೆ?” ಅಂತ ಕೇಳುತ್ತೇನೆ. “ಅಮ್ಮ” ಅಂತಾರೆ. ಒಬ್ಬ ಹುಡುಗ “ಕಟ್ಟದೇ ಇದ್ರೆ?” ಅಂದ. ಇನ್ನೊಬ್ಬ, “ಪಕ್ಕದ ಮನೆಯವ್ರು ಕಟ್ಟಿಲ್ಲ ಅಂದ್ರೆ ಅವ್ರು ನಮ್ಮನ್ನ ನೋಡ್ತಾ ಇರ್ತಾರಲ್ಲ” ಅಂದ. ಆ ಎರಡನೇ ಹುಡುಗ ಹೇಳಿದ್ದು ನಾನು ಎಷ್ಟು ಪಾಠ ಮಾಡಿದರೂ ಹೇಳಲಾಗದ ಮಾತು. ಬಟ್ಟೆ ಕಟ್ಟಿದ ಮನೆಯಷ್ಟೇ ಮುಖ್ಯ, ಕಟ್ಟದೇ ಉಳಿದ ಪಕ್ಕದ ಮನೆ.

ಆಮೇಲೆ ಶಿಬಿರಗಳು. ಓಮಾರ್ಸ್ಕಾ ಒಂದು ಕಬ್ಬಿಣದ ಅದಿರಿನ ಗಣಿ. ಕೆರಾಟೆರ್ಮ್ ಒಂದು ಸೆರಾಮಿಕ್ಸ್ ಕಾರ್ಖಾನೆ. ಟ್ರ್ನೊಪೋಲ್ಯೆ ಶಿಬಿರದ ಮುಖ್ಯ ಕಟ್ಟಡಗಳಲ್ಲಿ ಒಂದು ಶಾಲೆ. ನಾವು ಮೇಷ್ಟ್ರುಗಳು ಇದನ್ನು ಗಮನಿಸಬೇಕು. ಬೆಂಚು, ಕಪ್ಪುಹಲಗೆ ಇದ್ದ ಕೋಣೆಗಳಲ್ಲಿ ಊರಿನವರನ್ನೇ ತುಂಬಿದರು. ಓಮಾರ್ಸ್ಕಾಕ್ಕೆ ಹೆಚ್ಚಾಗಿ ಕರೆದೊಯ್ದದ್ದು ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರನ್ನು: ವಕೀಲರು, ವೈದ್ಯರು, ಶಿಕ್ಷಕರು, ರಾಜಕೀಯದಲ್ಲಿದ್ದವರು. ಊರಿನ ಕೋರ್ಟಿನ ನ್ಯಾಯಾಧೀಶೆಯಾಗಿದ್ದ ನುಸ್ರೇತಾ ಸಿವಾಟ್ಸ್ ಕೂಡ ಅಲ್ಲಿ ಬಂದಿಯಾಗಿದ್ದರು. ಬದುಕಿ ಬಂದು, ಯುಗೊಸ್ಲಾವಿಯದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ಹೇಗ್ ನಗರದಲ್ಲಿ ಸ್ಥಾಪಿಸಿದ್ದ ನ್ಯಾಯಮಂಡಳಿಯ ಮುಂದೆ ಸಾಕ್ಷಿ ನುಡಿದರು. 1992ರ ಆಗಸ್ಟ್ 5ರಂದು ವಿದೇಶಿ ಪತ್ರಕರ್ತರು ಓಮಾರ್ಸ್ಕಾ ಮತ್ತು ಟ್ರ್ನೊಪೋಲ್ಯೆ ತಲುಪಿದರು. ಅವರು ತೆಗೆದ ಎಲುಬುಗೂಡಿನ ದೇಹಗಳ ಚಿತ್ರಗಳು ಲೋಕವನ್ನು ನಡುಗಿಸಿದವು.

ಆದರೆ ಪಾಠಕ್ಕೆ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಚಿತ್ರಗಳಲ್ಲ, ಒಂದು ಕಾಗದ. ಪ್ರಿಯೆಡೋರ್ ಬಿಟ್ಟು ಹೋಗಲು ಅನುಮತಿ ಬೇಕಿತ್ತು. ಅನುಮತಿ ಬೇಕಾದರೆ ನಾವು ಸ್ವಂತ ಇಚ್ಛೆಯಿಂದ ಊರು ಬಿಡುತ್ತಿದ್ದೇವೆ, ಮನೆ ಜಮೀನಿನ ಹಕ್ಕು ಬಿಟ್ಟುಕೊಟ್ಟಿದ್ದೇವೆ ಅಂತ ಬರೆದುಕೊಡಬೇಕಿತ್ತು. ಮನೆ ಸುಟ್ಟು, ಗಂಡನನ್ನು ಶಿಬಿರಕ್ಕೆ ಎಳೆದೊಯ್ದು, ಉಳಿದ ಹೆಂಗಸಿನ ಕೈಗೆ ಪೆನ್ನು ಕೊಟ್ಟು ‘ಸ್ವಂತ ಇಚ್ಛೆ’ ಅಂತ ಸಹಿ. ನಮ್ಮ ಮಕ್ಕಳಿಗೆ ತಾಲ್ಲೂಕು ಕಚೇರಿಯ ಕೌಂಟರು ಗೊತ್ತು, ಪಹಣಿ ಗೊತ್ತು, ಸಹಿ ಎಲ್ಲಿ ಹಾಕಬೇಕು ಅಂತ ಬೆರಳು ತೋರಿಸುವ ಗುಮಾಸ್ತ ಗೊತ್ತು. ಹಾಗಾಗಿ ಈ ಕಾಗದ ಅವರಿಗೆ ಬೇಗ ಅರ್ಥವಾಗುತ್ತದೆ. ಊರು ಬಿಡಿಸುವುದು ಅಂದರೆ ಬರೀ ಹುಚ್ಚೆದ್ದ ಗುಂಪಿನ ಕೆಲಸ ಅಂದುಕೊಂಡಿದ್ದವರು, ಅದಕ್ಕೆ ಫಾರಂ ಇತ್ತು, ಮೊಹರು ಇತ್ತು, ಕಚೇರಿಯ ವೇಳೆ ಇತ್ತು ಅಂತ ತಿಳಿದಾಗ ಸುಮ್ಮನಾಗುತ್ತಾರೆ.

ಪ್ರಿಯೆಡೋರ್‌ನಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು, ಅವರಲ್ಲಿ 102 ಮಕ್ಕಳು. ಹತ್ತಾರು ಸಾವಿರ ಜನ ಊರು ಬಿಟ್ಟರು. ಬಿಟ್ಟರು ಅಂದೆನಲ್ಲ, ಆ ಮಾತಿಗೆ ಮತ್ತೆ ಬರುತ್ತೇನೆ.

ಈಗ ಕಷ್ಟದ ಪ್ರಶ್ನೆ. ಇದು ಜನಾಂಗ ಹತ್ಯೆಯೋ ಅಲ್ಲವೋ?

ಕಾನೂನಿನ ಉತ್ತರ ಹೇಳುವ ಮೊದಲು ನನ್ನ ತರಗತಿಯಲ್ಲಿ ನಡೆದದ್ದೊಂದು ಹೇಳಬೇಕು. ಕನ್ನಡ ಐಚ್ಛಿಕ ತೆಗೆದುಕೊಂಡಿದ್ದ ಹುಡುಗನೊಬ್ಬ, “ಮೇಡಂ, ಖಾಂಡವ ದಹನ ಯಾವುದಾಗುತ್ತೆ?” ಅಂದ. ಪ್ರಶ್ನೆ ಕೇಳಿ ನನಗೆ ಮೈ ಜುಮ್ಮೆಂದಿತು. ಖಾಂಡವ ವನ ಉರಿಯುವಾಗ ಹೊರಗೆ ಓಡಿ ಬಂದ ಪ್ರಾಣಿ, ಪಕ್ಷಿ, ನಾಗರನ್ನು ಕೃಷ್ಣಾರ್ಜುನರು ಸುತ್ತಲೂ ನಿಂತು ಹೊಡೆದು ಮತ್ತೆ ಬೆಂಕಿಗೇ ತಳ್ಳುತ್ತಾರೆ. ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅವನನ್ನೇ ತಿರುಗಿ ಕೇಳಿದೆ: “ಅಲ್ಲಿ ನೆಲ ಮಾತ್ರ ಬೇಕಾಗಿದ್ದರೆ, ಓಡಿ ಹೋಗುವವರನ್ನು ಹೋಗಲು ಬಿಡಬಹುದಿತ್ತಲ್ಲ?” ಅವನು ತುಂಬಾ ಹೊತ್ತು ಯೋಚಿಸಿದ. ಆಮೇಲೆ, “ಹಾಗಾದ್ರೆ ಬಾಗಿಲು ತೆಗೆದಿತ್ತಾ ಮುಚ್ಚಿತ್ತಾ ಅಂತ ನೋಡ್ಬೇಕು” ಅಂದ.

ಅವತ್ತಿನಿಂದ ನಾನು ಇದನ್ನು ಬಾಗಿಲ ಪ್ರಶ್ನೆ ಅಂತಲೇ ಕರೆಯುತ್ತೇನೆ. ಊರು ಬಿಡಿಸುವವನಿಗೆ ಬೇಕಾದದ್ದು ನೆಲ. ಆ ಜನ ಇಲ್ಲಿ ಇರಬಾರದು, ಬೇರೆಲ್ಲಾದರೂ ಇದ್ದುಕೊಳ್ಳಲಿ. ಅದಕ್ಕೆ ಅವನು ಹೆದರಿಸಲು ಕೆಲವರನ್ನು ಕೊಂದು, ಉಳಿದವರಿಗೆ ಬಾಗಿಲು ತೆರೆದಿಡುತ್ತಾನೆ. ಜನಾಂಗ ಹತ್ಯೆ ಮಾಡುವವನಿಗೆ ಆ ಜನ ಎಲ್ಲಿಯೂ ಇರಬಾರದು. ಅವನು ಬಾಗಿಲು ಹಾಕುತ್ತಾನೆ. 1948ರ ಒಪ್ಪಂದದ ಎರಡನೇ ವಿಧಿ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತದೆ: ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು, ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿ ಅಥವಾ ಭಾಗಶಃ ನಾಶಮಾಡುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಕೊಲ್ಲುವುದು ಮಾತ್ರವಲ್ಲ, ಬದುಕಲಾಗದ ಸ್ಥಿತಿಗೆ ತಳ್ಳುವುದು, ಹೆರಿಗೆಗಳನ್ನು ತಡೆಯುವುದು, ಮಕ್ಕಳನ್ನು ಕಿತ್ತು ಬೇರೆ ಗುಂಪಿಗೆ ಕೊಡುವುದು ಕೂಡ ಜನಾಂಗ ಹತ್ಯೆಯೇ. ಒಪ್ಪಂದದ ಕರಡು ಚರ್ಚೆಯಾಗುತ್ತಿದ್ದಾಗ, ಹೆದರಿಸಿ ಮನೆ ಬಿಡಿಸುವುದನ್ನೂ ಪಟ್ಟಿಗೆ ಸೇರಿಸಿ ಅಂತ ಸಿರಿಯಾ ಒಂದು ತಿದ್ದುಪಡಿ ತಂದಿತ್ತು. ಅದು ಬಿದ್ದುಹೋಯಿತು. ಆಗಿನ್ನೂ ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ. ಗೆದ್ದ ದೇಶಗಳ ಒಪ್ಪಿಗೆಯ ಮೇಲೆಯೇ ಪೂರ್ವ ಯುರೋಪಿನಿಂದ ಲಕ್ಷಾಂತರ ಜರ್ಮನ್ನರನ್ನು ಹೊರಹಾಕಲಾಗಿತ್ತು ಅನ್ನುವುದನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು.

ಬಾಗಿಲ ಪ್ರಶ್ನೆ ಒಳ್ಳೆಯದು, ಆದರೆ ಅದನ್ನೇ ಸೂತ್ರ ಮಾಡಿಕೊಂಡರೆ ಕೆಡುತ್ತೇವೆ. 1992ರ ಆಗಸ್ಟ್ 21ರಂದು ಪ್ರಿಯೆಡೋರ್ ಕಡೆಯಿಂದ ಬಸ್ಸು, ಲಾರಿಗಳ ಸಾಲೊಂದು ಹೊರಟಿತು. ಅದರಲ್ಲಿದ್ದವರಿಗೆ ಬಾಗಿಲು ತೆರೆದಿತ್ತು, ಅವರು ಆಚೆ ದಾಟುವವರಿದ್ದರು. ವ್ಲಾಶಿಚ್ ಬೆಟ್ಟದ ಕೊರಿಚಾನಿ ಅನ್ನುವಲ್ಲಿ ಗಂಡಸರನ್ನು ಬೇರ್ಪಡಿಸಿ, ಕಡಿದಾದ ಬಂಡೆಯ ಅಂಚಿನಲ್ಲಿ ಮೊಣಕಾಲೂರಿಸಿ ಗುಂಡು ಹಾರಿಸಿದರು. ಸುಮಾರು 200 ಜನ. ಮಾಡಿದವರು ಬೆಂಗಾವಲಿಗೆ ಬಂದಿದ್ದ ಪೊಲೀಸರೇ.

ಮೂರು ವರ್ಷದ ಮೇಲೆ ಸ್ರೆಬ್ರೆನಿಟ್ಸಾ. ಅದು 1993ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ ಅಂತ ಘೋಷಿಸಿದ್ದ ಊರು, ಡಚ್ ಶಾಂತಿಪಾಲಕರು ಅಲ್ಲೇ ಇದ್ದರು. 1995ರ ಜುಲೈ 11ರಂದು ಬೋಸ್ನಿಯದ ಸೆರ್ಬರ ಸೇನಾನಿ ರಾಟ್ಕೊ ಮ್ಲಾಡಿಚ್‌ನ ಸೈನ್ಯ ಊರು ಹಿಡಿಯಿತು. ಸುಮಾರು 25,000 ಹೆಂಗಸರು, ಮಕ್ಕಳು, ಮುದುಕರನ್ನು ಬಸ್ಸುಗಳಲ್ಲಿ ತುಂಬಿ ಆಚೆ ಕಳಿಸಿದರು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದರು. ಬಾಗಿಲು ಅರ್ಧ ತೆರೆದಿತ್ತು, ಅರ್ಧ ಮುಚ್ಚಿತ್ತು. ಹೆಂಗಸರನ್ನು ಕಳಿಸಿದ್ದರಿಂದ ಇದು ಬರೀ ಊರು ಬಿಡಿಸಿದ್ದು ಅಂತ ಪ್ರತಿವಾದಿಗಳು ವಾದಿಸಿದರು. ಹೇಗ್ ನ್ಯಾಯಮಂಡಳಿ ಒಪ್ಪಲಿಲ್ಲ. ಗಂಡಸರನ್ನೆಲ್ಲ ಕೊಂದು, ಉಳಿದವರನ್ನು ನೆಲದಿಂದ ಕಿತ್ತರೆ ಆ ಸಮುದಾಯ ಅಲ್ಲಿ ಮತ್ತೆ ಚಿಗುರುವುದಿಲ್ಲ, ಇದು ಮಾಡಿದವರಿಗೆ ಗೊತ್ತಿತ್ತು ಅಂದಿತು. 2001ರ ಆಗಸ್ಟ್‌ನಲ್ಲಿ ಜನರಲ್ ರಾಡಿಸ್ಲಾವ್ ಕ್ರ್ಸ್ಟಿಚ್‌ಗೆ ಜನಾಂಗ ಹತ್ಯೆಯ ಶಿಕ್ಷೆಯಾಯಿತು. 2004ರ ಮೇಲ್ಮನವಿಯಲ್ಲಿ ಅವನ ಪಾತ್ರ ನೆರವು ನೀಡಿದ್ದಕ್ಕೆ ಇಳಿಯಿತು, ಆದರೆ ನಡೆದದ್ದು ಜನಾಂಗ ಹತ್ಯೆ ಅನ್ನುವುದು ಗಟ್ಟಿಯಾಗಿ ಉಳಿಯಿತು. ಇಲ್ಲಿ ಊರು ಬಿಡಿಸಿದ್ದೇ ಜನಾಂಗ ಹತ್ಯೆಯ ಉದ್ದೇಶಕ್ಕೆ ಸಾಕ್ಷಿಯಾಯಿತು ನೋಡಿ. ಎರಡರ ನಂಟನ್ನು ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಸ್ರೆಬ್ರೆನಿಟ್ಸಾ ಹೇಳುವಾಗ ನಾನು ಹೆಣಗಳ ಫೋಟೊ ತೋರಿಸುವುದಿಲ್ಲ. ಮೊದಲ ವರ್ಷ ತೋರಿಸಿದ್ದೆ, ಅದು ನನ್ನ ತಪ್ಪು. ಒಬ್ಬಳು ಅಳುತ್ತಾ ಎದ್ದು ಹೋದಳು. ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಹಿಂದಿನ ಬೆಂಚಿನ ಪ್ರಶ್ನೆ: “ಹಿಟ್ಲರ್‌ದು ಜಾಸ್ತಿನೋ ಇವರದ್ದು ಜಾಸ್ತಿನೋ ಮೇಡಂ?” ಸಂಖ್ಯೆ ಮತ್ತು ಚಿತ್ರ ಎರಡನ್ನೇ ಕೊಟ್ಟರೆ ಮಕ್ಕಳು ಇನ್ನೇನು ಮಾಡಿಯಾರು, ಹೋಲಿಸುತ್ತಾರೆ. ಈಗ ಒಂದು ಕೈಗಡಿಯಾರ ಕೊಂಡೊಯ್ಯುತ್ತೇನೆ. ನಮ್ಮ ತಂದೆಯದು, ಹಳೆಯ ಆಟೋಮ್ಯಾಟಿಕ್. ಕೀ ಕೊಡಬೇಕಿಲ್ಲ, ಕೈ ಅಲುಗುತ್ತಿದ್ದರೆ ಓಡುತ್ತದೆ. ಬಿಚ್ಚಿಟ್ಟರೆ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಮಕ್ಕಳ ಕೈಯಿಂದ ಕೈಗೆ ಅದು ಹೋಗುತ್ತಿರುವಾಗ ಹೇಳುತ್ತೇನೆ: ಸ್ರೆಬ್ರೆನಿಟ್ಸಾದ ಸಾಮೂಹಿಕ ಗುಂಡಿಗಳಲ್ಲಿ ಸಿಕ್ಕ ಮೂಳೆಗಳ ಜೊತೆ ಇಂಥ ಗಡಿಯಾರಗಳೂ ಸಿಕ್ಕವು, ವಾರ ಮತ್ತು ತಾರೀಖು ತೋರಿಸುವಂಥವು. ಕೈ ಅಲುಗುವುದು ನಿಂತ ಮೇಲೆ ಅವೂ ನಿಂತಿದ್ದವು. ಆ ತಾರೀಖು ಹಿಡಿದು ತನಿಖೆಯವರು ಕೊಲೆಗಳ ದಿನವನ್ನು ಹೇಗ್‌ನಲ್ಲಿ ಮುಂದಿಟ್ಟರು. ಇವರೆಲ್ಲ ಯುದ್ಧದಲ್ಲಿ ಹೋರಾಡಿ ಸತ್ತವರು ಅನ್ನುವ ವಾದಕ್ಕೆ ಆ ಗಡಿಯಾರಗಳೂ, ಕಣ್ಣಿಗೆ ಕಟ್ಟಿದ್ದ ಬಟ್ಟೆಗಳೂ, ಕೈ ಕಟ್ಟಿದ್ದ ತಂತಿಗಳೂ ಉತ್ತರ ಕೊಟ್ಟವು. ಕೊಂದವರು ಎರಡು ತಿಂಗಳ ಮೇಲೆ ಬುಲ್ಡೋಜರ್ ತಂದು ಗುಂಡಿಗಳನ್ನು ಮತ್ತೆ ಅಗೆದು ಹೆಣಗಳನ್ನು ಬೇರೆಡೆ ಸಾಗಿಸಿದ್ದರು. ಹಾಗಾಗಿ ಒಬ್ಬನೇ ಮನುಷ್ಯನ ಮೂಳೆಗಳು ಬೇರೆ ಬೇರೆ ಗುಂಡಿಗಳಲ್ಲಿ ಸಿಕ್ಕಿ, ಡಿಎನ್‌ಎ ಪರೀಕ್ಷೆಯಿಂದ ಜೋಡಿಸಬೇಕಾಯಿತು. ಕೆಲವು ತಾಯಂದಿರು ಮಗನನ್ನು ಎರಡೆರಡು ಸಲ ಮಣ್ಣು ಮಾಡಿದ್ದಾರೆ.

ಇನ್ನು ಪ್ರಿಯೆಡೋರ್. ಸ್ಟಾಕಿಚ್‌ನ ಮೇಲೆ ಜನಾಂಗ ಹತ್ಯೆಯ ಆರೋಪವಿತ್ತು, ಅದು ಸಾಬೀತಾಗಲಿಲ್ಲ. ಗಡಿಪಾರು, ಸಾಮೂಹಿಕ ನಾಶ, ಕಿರುಕುಳದಂಥ ಅಪರಾಧಗಳಿಗೆ 2006ರಲ್ಲಿ ಅಂತಿಮವಾಗಿ 40 ವರ್ಷದ ಶಿಕ್ಷೆಯಾಯಿತು. ಬೋಸ್ನಿಯದ ಸೆರ್ಬರ ರಾಜಕೀಯ ನಾಯಕ ರಾಡೊವಾನ್ ಕರಾಜಿಚ್‌ನ ಶಿಕ್ಷೆ 2019ರ ಮೇಲ್ಮನವಿಯಲ್ಲಿ ಜೀವಾವಧಿಗೆ ಏರಿತು, ಮ್ಲಾಡಿಚ್‌ಗೆ 2021ರಲ್ಲಿ ಜೀವಾವಧಿ ಖಾಯಂ ಆಯಿತು. ಇಬ್ಬರಿಗೂ ಸ್ರೆಬ್ರೆನಿಟ್ಸಾದ ಜನಾಂಗ ಹತ್ಯೆಗೆ ಶಿಕ್ಷೆಯಾಯಿತು, ಪ್ರಿಯೆಡೋರ್‌ನಂಥ ಊರುಗಳಲ್ಲಿ 1992ರಲ್ಲಿ ನಡೆದದ್ದು ಜನಾಂಗ ಹತ್ಯೆ ಅಂತ ತೀರ್ಮಾನವಾಗಲಿಲ್ಲ. 1992ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ‘ಜನಾಂಗೀಯ ಶುದ್ಧೀಕರಣ’ವೂ ಜನಾಂಗ ಹತ್ಯೆಯ ಒಂದು ರೂಪ ಅಂದಿತ್ತು. 2007ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ, ಒಂದು ಪ್ರದೇಶವನ್ನು ಒಂದೇ ಜನಾಂಗದ್ದಾಗಿ ಮಾಡಬೇಕೆಂಬ ಉದ್ದೇಶವಷ್ಟೇ ಜನಾಂಗ ಹತ್ಯೆಯಾಗುವುದಿಲ್ಲ ಅಂದಿತು. ಇಂಥ ಎರಡು ಮಾತುಗಳನ್ನು ಮಕ್ಕಳ ಮುಂದೆ ಅಕ್ಕಪಕ್ಕ ಇಡಿ, ಮುಚ್ಚಿಡಬೇಡಿ. ದೊಡ್ಡ ಸಂಸ್ಥೆಗಳೂ ಪದದ ಮೇಲೆ ಜಗ್ಗಾಡುತ್ತವೆ ಅಂತ ಗೊತ್ತಾಗಲಿ.

ಇಲ್ಲಿಗೆ ಬರುವಾಗ ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ: “ಹಾಗಾದ್ರೆ ಪ್ರಿಯೆಡೋರ್‌ನವರಿಗೆ ಆಗಿದ್ದು ಕಮ್ಮಿನಾ?” ದಯವಿಟ್ಟು ಈ ಪ್ರಶ್ನೆಯನ್ನು ಹಾರಿಸಬೇಡಿ. ಜನಾಂಗ ಹತ್ಯೆ ಅನ್ನುವುದು ಸಂಕಟಕ್ಕೆ ಕೊಡುವ ಮೊದಲ ರ್‍ಯಾಂಕ್ ಅಲ್ಲ. ಅದು ಮಾಡಿದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಕೊಟ್ಟ ಹೆಸರು. ನಮ್ಮ ಕಾನೂನಿನಲ್ಲೂ ಕೊಲೆ ಬೇರೆ, ಕೊಲೆಯಲ್ಲದ ನರಹತ್ಯೆ ಬೇರೆ. ಮಗನನ್ನು ಕಳೆದುಕೊಂಡ ತಾಯಿಗೆ ಆ ಎರಡು ಕಲಮುಗಳ ನಡುವಿನ ವ್ಯತ್ಯಾಸದಿಂದ ಏನೂ ಹಗುರವಾಗುವುದಿಲ್ಲ. ಆದರೂ ಆ ವ್ಯತ್ಯಾಸ ಬೇಕು, ಯಾಕೆಂದರೆ ಸಿಕ್ಕಿದ್ದಕ್ಕೆಲ್ಲ ಜನಾಂಗ ಹತ್ಯೆ ಅಂದರೆ ನಿಜವಾಗಿ ಬಾಗಿಲು ಮುಚ್ಚುವ ದಿನ ನಮ್ಮ ಕೈಯಲ್ಲಿ ಪದ ಇರುವುದಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ‘ಇದಿನ್ನೂ ಜನಾಂಗ ಹತ್ಯೆ ಆಗಿಲ್ಲ, ಬರೀ ಶುದ್ಧೀಕರಣ’ ಅನ್ನುವುದು ಕೈ ಕಟ್ಟಿ ಕೂರಲು ಒಳ್ಳೆಯ ನೆಪ. 1992ರಿಂದ 1995ರವರೆಗೆ ಲೋಕ ಆ ನೆಪದಲ್ಲೇ ಕೂತಿತ್ತು ಅಂತ ನಾನು ನಂಬುತ್ತೇನೆ.

ಒಂದು ಎಚ್ಚರಿಕೆ. ಸೆರ್ಬರು ಅಂದರೆ ಕೆಟ್ಟವರು ಅನ್ನುವ ಪಾಠ ಕಲಿತು ಮಕ್ಕಳು ಹೊರಗೆ ಹೋದರೆ ನಾವು ಸೋತಂತೆ. ಕೊನಿಟ್ಸ್ ಹತ್ತಿರದ ಚೆಲೆಬಿಚಿ ಶಿಬಿರದಲ್ಲಿ ಬಂದಿಗಳು ಸೆರ್ಬರು, ಹಿಂಸೆ ಕೊಟ್ಟವರು ಬೋಸ್ನಿಯಾಕರು ಮತ್ತು ಕ್ರೊವಾಟರು, ಅವರಿಗೂ ಹೇಗ್‌ನಲ್ಲಿ ಶಿಕ್ಷೆಯಾಯಿತು. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯದ ಸೈನ್ಯ ಕ್ರಾಯಿನಾ ಪ್ರದೇಶಕ್ಕೆ ನುಗ್ಗಿದಾಗ ಒಂದೂವರೆಯಿಂದ ಎರಡು ಲಕ್ಷ ಸೆರ್ಬರು ಟ್ರ್ಯಾಕ್ಟರುಗಳಲ್ಲಿ ಹಾಸಿಗೆ ಹೇರಿಕೊಂಡು ಹೊರಟರು. ಆ ಪ್ರಕರಣದಲ್ಲಿ ಇಬ್ಬರು ಜನರಲ್‌ಗಳು 2011ರಲ್ಲಿ ತಪ್ಪಿತಸ್ಥರಾಗಿ 2012ರ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಇದನ್ನೂ ಹೇಳಬೇಕು. ಆದರೆ ‘ಎಲ್ಲರೂ ಮಾಡಿದರು’ ಅಂತ ಹೇಳಿ ತಕ್ಕಡಿ ಸಮ ಮಾಡಿಬಿಟ್ಟರೆ ಅದು ಇನ್ನೊಂದು ಸುಳ್ಳು.

ನಮ್ಮ ದೇಶ ವಿಭಜನೆ, ನಮ್ಮ ಊರುಗಳಿಂದ ಹೊರಬಿದ್ದವರ ಕಥೆಗಳು ಬಂದೇ ಬರುತ್ತವೆ. ಬರಲಿ. ನಾನು ಮಾತ್ರ ಮೊದಲು ದೂರದ ಊರಿನಲ್ಲಿ ಅಳತೆ ಮಾಡುವುದನ್ನು ಕಲಿಸುತ್ತೇನೆ. ತಮ್ಮವರು, ಅವರವರು ಅನ್ನುವ ಬಿಸಿ ಇಲ್ಲದ ಜಾಗದಲ್ಲಿ ಕಲಿತ ಅಳತೆಯನ್ನು ಆಮೇಲೆ ಎಲ್ಲಿಗೆ ತಂದರೂ ಮಕ್ಕಳ ಕೈ ನಡುಗುವುದು ಕಮ್ಮಿ.

ಬೋಸ್ನಿಯದ ಮಕ್ಕಳಿಗೆ ಆ ದೂರ ಇಲ್ಲ. ಅಲ್ಲಿ ಹಲವು ಊರುಗಳಲ್ಲಿ ‘ಒಂದೇ ಸೂರಿನಡಿ ಎರಡು ಶಾಲೆ’ ಇವೆ. ಕಟ್ಟಡ ಒಂದು, ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊವಾಟ್ ಮಕ್ಕಳಿಗೆ ಇನ್ನೊಂದು, ಕೆಲವೆಡೆ ಒಳಬರುವ ಬಾಗಿಲೂ ಬೇರೆ. ಸೆರ್ಬರ ಆಡಳಿತದ ಪಾಲೆ ಪಟ್ಟಣದಲ್ಲಿ 2016ರಲ್ಲಿ ವಿದ್ಯಾರ್ಥಿ ನಿಲಯಕ್ಕೆ ಕರಾಜಿಚ್‌ನ ಹೆಸರನ್ನೇ ಇಟ್ಟರು, ಆ ಫಲಕ 2020ರಲ್ಲಿ ಇಳಿಯಿತು. ಯಾಯ್ಟ್ಸೆ ಅನ್ನುವ ಪಟ್ಟಣದಲ್ಲಿ ಮಾತ್ರ, ನಮ್ಮನ್ನು ಬೇರೆ ಬೇರೆ ಶಾಲೆಗೆ ಹಾಕಬೇಡಿ ಅಂತ ಹೈಸ್ಕೂಲು ಮಕ್ಕಳೇ ಬೀದಿಗೆ ಇಳಿದು ಆ ಯೋಜನೆಯನ್ನು ತಡೆದರು. ಇದನ್ನು ಹೇಳುವಾಗ ನನ್ನ ತರಗತಿಯ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನೋಡಿದ್ದೇನೆ.

ಈಗ ಆ ಅನುಕೂಲದ ಮಾತು. ಕನ್ನಡದಲ್ಲಿ ಪ್ರೇರಣಾರ್ಥಕ ಅಂತ ಒಂದಿದೆ, ನಿಮಗೆಲ್ಲ ಗೊತ್ತು: ಬಿಡು, ಬಿಡಿಸು. ಓಡು, ಓಡಿಸು. ಆ ಒಂದು ‘ಇಸು’ ಸೇರಿದೊಡನೆ ಇನ್ನೊಬ್ಬ ಮನುಷ್ಯ ವಾಕ್ಯದೊಳಗೆ ಬಂದು ನಿಲ್ಲಲೇಬೇಕು. ‘ಜನ ಊರು ಬಿಟ್ಟರು’ ಅಂದರೆ ಜನ ಮಾತ್ರ ಇದ್ದಾರೆ. ‘ಜನರನ್ನು ಊರು ಬಿಡಿಸಿದರು’ ಅಂದ ಕೂಡಲೇ, ಯಾರು ಅನ್ನುವ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪಾಠದ ಕೊನೆಯಲ್ಲಿ ನಾನು ಪತ್ರಿಕೆಗಳಲ್ಲಿ ಬರುವಂಥ ಐದಾರು ವಾಕ್ಯ ಕೊಡುತ್ತೇನೆ. ‘ಪ್ರಿಯೆಡೋರ್ ಖಾಲಿಯಾಯಿತು.’ ‘ಸಾವಿರಾರು ಜನ ವಲಸೆ ಹೋದರು.’ ‘ಮನೆಗಳು ಉರಿದವು.’ ‘ನಿವಾಸಿಗಳು ಸ್ವಇಚ್ಛೆಯ ಪತ್ರಕ್ಕೆ ಸಹಿ ಹಾಕಿದರು.’ ಇವನ್ನು ‘ಇಸು’ ಹಚ್ಚಿ, ಕರ್ತೃಪದ ಸೇರಿಸಿ ತಿದ್ದಿ ಬರೆಯಿರಿ ಅನ್ನುತ್ತೇನೆ. ಅರ್ಧ ಗಂಟೆ ತರಗತಿಯಲ್ಲಿ ಪೆನ್ನಿನ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ.

ಹೋದ ವರ್ಷ ಒಬ್ಬಳ ಪುಸ್ತಕ ನೋಡುತ್ತಿದ್ದೆ. ಮೊದಲ ವಾಕ್ಯಕ್ಕೆ ಸ್ಟಾಕಿಚ್ ಹೆಸರು ಬರೆದಿದ್ದಳು, ಎರಡನೆಯದಕ್ಕೆ ಪುರಸಭೆ, ಮೂರನೆಯದಕ್ಕೆ ಸೈನಿಕರು. ನಾಲ್ಕನೆಯದನ್ನು ಹೀಗೆ ತಿದ್ದಿದ್ದಳು: ‘________ ನಿವಾಸಿಗಳಿಂದ ಪತ್ರಕ್ಕೆ ಸಹಿ ಹಾಕಿಸಿಕೊಂಡರು.’ ಖಾಲಿ ಬಿಟ್ಟಿದ್ದೀಯಲ್ಲ ಅಂದೆ. “ಮೇಡಂ, ಇದು ಸ್ಟಾಕಿಚ್ ಅಲ್ಲ. ಅವನು ಕೌಂಟರಿನಲ್ಲಿ ಕೂತಿರಲಿಲ್ಲ. ಪೆನ್ನು ಕೊಟ್ಟವರು ಯಾರೋ ಬೇರೆಯವರು, ಅದೇ ಊರಿನವರು. ಅವರ ಹೆಸರು ಎಲ್ಲಾದ್ರೂ ಇದೆಯಾ?” ಅಂತ ಕೇಳಿದಳು.

ಇಲ್ಲ ಅಂದೆ. ಅವಳು ಆ ಗೆರೆಯನ್ನು ಹಾಗೇ ಬಿಟ್ಟು, ಕೆಳಗೆ ಸಣ್ಣದಾಗಿ ‘ಕೋಮ್ಶಿಯಾ’ ಅಂತ ಬರೆದಳು.